ಹಾಸುಬಟ್ಟೆಯ ಆ ತುದಿ

ಜೂನ್ ೯

ಅಮ್ಮನಿಗೆ,

ಫೋನಿನಲ್ಲಿ ನಾನು ಏನು ಹೇಳಿದರೂ ನೀನು "ಹಾಂ ಹಾಂ, ಊಟ ಆಯ್ತು" ಎನ್ನುತ್ತೀಯ. ಮೊನ್ನೆ "ಹೊಸ ಕೆಲಸ ಸಿಕ್ತು" ಎಂದು ಕಿರುಚಿದ್ದಕ್ಕೂ ಊಟವೇ ಉತ್ತರವಾಯಿತು. ಮೂವತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ಯಂತ್ರಗಳ ಪಕ್ಕ ನಿಂತ ಕಿವಿಗಳನ್ನು ಬೈದು ಏನು ಪ್ರಯೋಜನ? ಅದಕ್ಕೇ ಈ ಕಾಗದ. ಇದಕ್ಕೂ ಊಟ ಆಯ್ತು ಎಂದು ಬರೆದರೆ ಮಾತ್ರ ಬಿಡುವುದಿಲ್ಲ.

ಕೆಲಸ ಒಂದು ಹೈಸ್ಕೂಲಿನಲ್ಲಿ. ಪಾಠ ಮಾಡುವುದಲ್ಲ, ಮಕ್ಕಳ ಜೊತೆ ಮಾತಾಡುವುದು. ಒಬ್ಬರನ್ನೊಬ್ಬರು ಗೋಳುಹೊಯ್ದುಕೊಳ್ಳುವುದು ಇಲ್ಲಿ ವಿಪರೀತವಾಗಿದೆ. ಗದರಿಕೆ, ನೋಟೀಸು, ಅಪ್ಪ ಅಮ್ಮನನ್ನು ಕರೆಸುವುದು ಎಲ್ಲ ಮುಗಿದಿದೆ. ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಾರೆ. ಅವರು "ಇದೂ ಒಂದು ಆಗ್ಲಿ, ಮಾತಾಡ್ಸಿ ನೋಡೋಣ" ಎಂದು ನನ್ನನ್ನು ತೆಗೆದುಕೊಂಡರು. ನನಗೆ ಕೊಟ್ಟದ್ದು ಮೊದಲು ನಕಾಶೆಗಳನ್ನಿಡುತ್ತಿದ್ದ ಕೋಣೆ. ಗೋಡೆಯ ತುಂಬ ಕೊಕ್ಕೆಗಳು, ಕಿಟಕಿಯಾಚೆ ಸೈಕಲ್ ಸ್ಟ್ಯಾಂಡು. ಎರಡು ಕುರ್ಚಿಗಳಿವೆ, ಒಂದರ ಕಾಲು ಕುಂಟು. ಅದರಲ್ಲಿ ನಾನು ಕೂರುತ್ತೇನೆ.

ಮಕ್ಕಳ ಹೆಸರು ಹೊರಗೆ ಹೇಳುವ ಹಾಗಿಲ್ಲ. ಆದರೆ ಇಡೀ ಶಾಲೆಗೇ ಕಂಡದ್ದನ್ನು ಬರೆಯಬಹುದು. ಒಂಬತ್ತನೇ ತರಗತಿಯಲ್ಲಿ ಒಬ್ಬಳಿದ್ದಾಳೆ, ಬೆನ್ನಿಗೆ ಹಾಕಬೇಕಾದ ಚೀಲವನ್ನು ಸದಾ ಎದೆಗವಚಿಕೊಂಡು ಓಡಾಡುತ್ತಾಳೆ. ಚೀಲದ ಹುಡುಗಿ ಎಂದಿಟ್ಟುಕೋ. ಅವಳು ಪಾಠ ಓದಲು ಎದ್ದು ನಿಂತ ಕೂಡಲೇ ಹಿಂದಿನಿಂದ ಗುಂಯ್ ಎಂಬ ಸದ್ದು ಬರುತ್ತದೆ. ತುಟಿ ಬಿಚ್ಚದೆ ಗಂಟಲಲ್ಲೇ ಹೊರಡಿಸುವ ಸದ್ದು. ಮೇಷ್ಟ್ರು ಅದು ಫ್ಯಾನಿನದ್ದೆಂದು ಎರಡು ಸಲ ಎಲೆಕ್ಟ್ರಿಷಿಯನ್‌ನನ್ನು ಕರೆಸಿದರಂತೆ. ಗುಂಯ್‌ಗುಡುವವರು ಹದಿನಾರು ಮಕ್ಕಳು, ಶುರು ಮಾಡುವವಳು ಒಬ್ಬಳೇ. ಅವಳ ನಡಿಗೆಯಲ್ಲೇ ಒಂದು ಗತ್ತು. ಅವಳನ್ನು ಗತ್ತಿನವಳು ಎನ್ನೋಣ. ಐದು ತಿಂಗಳಾಯಿತು, ಚೀಲದ ಹುಡುಗಿ ಶಾಲೆಯಲ್ಲಿ ತುಟಿ ಪಿಟಕ್ಕೆಂದಿಲ್ಲ.

ಅವಳ ಅಪ್ಪ ಬೀಗ ರಿಪೇರಿ ಮಾಡುವವರು. ಸಲಕರಣೆಯ ಪೆಟ್ಟಿಗೆ ಹಿಡಿದೇ ಬಂದಿದ್ದರು. "ಊರಿನ ಬೀಗ ಎಲ್ಲ ತೆಗೀತೀನಿ ಮೇಡಂ, ನನ್ನ ಮಗಳ ಬಾಯಿ ಬೀಗ ತೆಗೆಯೋಕೆ ನನ್ನ ಕೈಲಾಗ್ಲಿಲ್ಲ. ಸೆಪ್ಟೆಂಬರ್ ಮೂವತ್ತರ ತನಕ ನೋಡ್ತೀನಿ. ಆಮೇಲೆ ಅವಳು ಈ ಗೇಟು ದಾಟಲ್ಲ" ಎಂದರು. ಬೇರೆ ಶಾಲೆಗೂ ಕಳಿಸುವುದಿಲ್ಲವಂತೆ, ಓದೇ ಬೇಡವಂತೆ. ನನಗೆ ಬೇಕಾದದ್ದು ಇಷ್ಟೇ. ಆ ಹುಡುಗಿ ಉಳಿಯಬೇಕು.

ಸಂದರ್ಶನದಲ್ಲಿ ದೊಡ್ಡ ಮೇಡಂ "ಶಾಲೇಲಿದ್ದಾಗ ನಿಮ್ಮನ್ನ ಯಾರಾದ್ರೂ ಗೋಳುಹೊಯ್ಕೊಂಡಿದ್ರಾ?" ಎಂದು ಕೇಳಿದರು. ಇಲ್ಲ ಎಂದೆ. ಸುಳ್ಳಲ್ಲ. ಗೋಳುಹೊಯ್ದುಕೊಂಡವಳು ನಾನೇ ಎಂಬುದನ್ನು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಗತ್ತಿನವಳು ಎದುರಿಗೆ ಬಂದಾಗಲೆಲ್ಲ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗಾಗುತ್ತದೆ ನನಗೆ. ನೀನೂ ನಾನೂ ಆ ವಿಷಯ ಇಪ್ಪತ್ತು ವರ್ಷ ಮಾತಾಡಿಲ್ಲ. ಈಗಲೂ ಬೇಡ.

ನಿನ್ನ ಕಿವಿಗೆ ಜೋರು ದನಿಯ
ಮಗಳು

---

ಜೂನ್ ೧೭

ಮಗಳೇ,

ಊಟ ಆಯ್ತು. ಮೊದಲೇ ಬರೆದುಬಿಟ್ಟೆ, ಇನ್ನು ಉಳಿದ ಮಾತು ಆಡಬಹುದು.

ಮಾತಾಡಿಸುವುದಕ್ಕೂ ಒಂದು ಓದು, ಒಂದು ಉದ್ಯೋಗ ಇದೆ ಎಂದರೆ ನನ್ನ ಜೋಡಿ ನಂಬಲಿಲ್ಲ. "ಹಂಗಾದ್ರೆ ನಮ್ಮಿಬ್ರಿಗೂ ಇಷ್ಟೊತ್ತಿಗೆ ಬಡ್ತಿ ಆಗ್ಬೇಕಿತ್ತು" ಎಂದಳು. ನೀನು ಅವಳನ್ನು ನೋಡಿಲ್ಲ, ನೀನು ಓದಲು ಹೊರಟ ಮೇಲೆ ಕೆಲಸಕ್ಕೆ ಸೇರಿದವಳು. ನಮ್ಮಲ್ಲಿ ಹಾಸಿಗೆಯ ಶೀಟು ಮಡಿಸುವುದು ಇಬ್ಬರ ಕೆಲಸ. ಆ ತುದಿ ಹಿಡಿದವಳನ್ನು ಜೋಡಿ ಎನ್ನುತ್ತೇವೆ. ಬೇರೆಯವರಿಗೆ ವರ್ಷಕ್ಕೊಬ್ಬಳು ಬದಲಾಗುತ್ತಾಳೆ, ನನಗೆ ಹದಿನಾಲ್ಕು ವರ್ಷದಿಂದ ಇವಳೊಬ್ಬಳೇ.

ನಿನ್ನ ಶಾಲೆಯ ಗುಂಯ್ ಓದಿ ನನಗೆ ಸಿಟ್ಟೂ ಬಂತು, ನಗುವೂ ಬಂತು. ನಾವು ಬದುಕಿದ್ದೇ ಆ ಸದ್ದಿನಲ್ಲಿ. ಹನ್ನೆರಡು ಯಂತ್ರ ಒಟ್ಟಿಗೆ ತಿರುಗುವಾಗ ಪಕ್ಕದಲ್ಲಿ ಬಾಂಬು ಬಿದ್ದರೂ ಕೇಳಿಸದು. ಹಾಗಂತ ನಾವು ಸುಮ್ಮನಿರುತ್ತೇವೆಯೇ? ಎದುರಿನವಳ ತುಟಿ ನೋಡಿದರೆ ಸಾಕು, ಪ್ರತಿ ಅಕ್ಷರ ತಿಳಿಯುತ್ತದೆ. ಮೇಸ್ತ್ರಿ ನಮ್ಮ ಬೆನ್ನ ಹಿಂದೆಯೇ ನಿಂತಿರುತ್ತಾನೆ, ನಾವು ಅವನ ಹೊಟ್ಟೆಯ ಬಗ್ಗೆಯೇ ಮಾತಾಡುತ್ತಿರುತ್ತೇವೆ. ಅವನಿಗೆ ಗುಂಯ್ ಒಂದೇ. ಹೀಗೆ ಹದಿನಾಲ್ಕು ವರ್ಷದಲ್ಲಿ ನಾವಿಬ್ಬರು ಆಡದ ಮಾತಿಲ್ಲ. ಒಂದೇ ಒಂದು ಬಿಟ್ಟು. ಅದು ಇರಲಿ.

ಆ ವಿಷಯ ಬೇಡ ಎಂದಿದ್ದೀಯ. ಆಗಲಿ. ಬೇಡ ಎನ್ನುವುದನ್ನು ನಿನಗೆ ಕಲಿಸಿದವಳು ನಾನೇ.

ಕುಂಟು ಕುರ್ಚಿಗೆ ಕಾಗದ ಮಡಿಸಿ ಒತ್ತು ಕೊಡು, ಬಿದ್ದೀಯ.

ಅಮ್ಮ

---

ಜುಲೈ ೧೨

ಅಮ್ಮ,

ತಪ್ಪು ಮಾಡಿಬಿಟ್ಟೆ. ಯಾರಿಗೆ ಹೇಳಿಕೊಳ್ಳುವುದೋ ತಿಳಿಯದೆ ನಿನಗೆ ಬರೆಯುತ್ತಿದ್ದೇನೆ.

ಮಾತಿನ ಚಿಕಿತ್ಸೆ ನಿಧಾನದ ಕೆಲಸ. ದೊಡ್ಡ ಮೇಡಂ ಮಾತ್ರ ಸೋಮವಾರ ಬಂತೆಂದರೆ ಬಾಗಿಲಲ್ಲಿ ತಲೆ ತೂರಿಸಿ "ಮಾತಾಡಿದ್ಲಾ?" ಎನ್ನುತ್ತಾರೆ, ಅಕ್ಕಿ ಬೆಂತಾ ಎಂದು ಕೇಳುವವರ ಹಾಗೆ. ಐದು ಸೋಮವಾರವಾಯಿತು. ಚೀಲದ ಹುಡುಗಿ ಬಂದು ಕೂರುತ್ತಾಳೆ, ತಲೆಯಾಡಿಸುತ್ತಾಳೆ, ಏನಾದರೂ ಬೇಕಿದ್ದರೆ ಚೀಟಿಯಲ್ಲಿ ಬರೆಯುತ್ತಾಳೆ. ಗತ್ತಿನವಳನ್ನು ಏನೇ ಕೇಳಿದರೂ ಒಂದೇ ಉತ್ತರ, "ಸುಮ್ನೆ." ಯಾಕೆ ಶುರು ಮಾಡಿದೆ? ಸುಮ್ನೆ. ಅವಳಿಗೆ ಏನನ್ನಿಸಬಹುದು? ಸುಮ್ನೆ.

ನನಗೆ ತಾಳ್ಮೆ ತಪ್ಪಿತು. ಇಬ್ಬರನ್ನೂ ಒಟ್ಟಿಗೆ ಕರೆದೆ, ಕುರ್ಚಿಗಳನ್ನು ಎದುರುಬದುರು ಹಾಕಿದೆ, ಗತ್ತಿನವಳಿಗೆ "ಸಾರಿ ಕೇಳು" ಎಂದೆ. ಕೇಳಿದಳು. ಕೈಕಟ್ಟಿ, ಕಣ್ಣಲ್ಲಿ ಕಣ್ಣಿಟ್ಟು, "ನಾನು ಮಾಡಿದ್ದು ತಪ್ಪು, ಇನ್ಮೇಲೆ ಹೀಗೆ ಮಾಡಲ್ಲ" ಎಂದಳು. ಭಾಷಣ ಸ್ಪರ್ಧೆಯಾಗಿದ್ದರೆ ಬಹುಮಾನ ಬರುತ್ತಿತ್ತು. ಚೀಲದ ಹುಡುಗಿ ತೊಡೆಯ ಮೇಲಿದ್ದ ಚೀಲವನ್ನು ಎತ್ತಿ ಮುಖಕ್ಕೆ ಹಿಡಿದುಕೊಂಡಳು. ಮರುದಿನ ಗುಂಯ್ ಇರಲಿಲ್ಲ. ಅವಳು ಕಾರಿಡಾರಿನಲ್ಲಿ ನಡೆದಷ್ಟು ದೂರವೂ ಹದಿನಾರು ಬಾಯಿಗಳು ಮೆಲ್ಲಗೆ "ಸಾರಿ, ಸಾರಿ, ಸಾರಿ" ಎಂದವು. ಆಮೇಲೆ ಮೂರು ದಿನ ಅವಳು ಶಾಲೆಗೇ ಬರಲಿಲ್ಲ.

ಬೇಡ ಎಂದವಳೇ ಬರೆಯುತ್ತಿದ್ದೇನೆ. ಇಪ್ಪತ್ತು ವರ್ಷದ ಹಿಂದೆ ನನ್ನನ್ನೂ ಪ್ರಾರ್ಥನೆಯ ಸಾಲಿನ ಮುಂದೆ ನಿಲ್ಲಿಸಿ ಮೈಕಿನಲ್ಲಿ ಸಾರಿ ಕೇಳಿಸಿದ್ದರು. ನಾನೂ ಚೆನ್ನಾಗಿಯೇ ಹೇಳಿದೆ. ಇಡೀ ಶಾಲೆ ತಿರುಗಿ ನೋಡಿದ್ದು ನನ್ನನ್ನಲ್ಲ, ನಾನು ಗೋಳುಹೊಯ್ದುಕೊಂಡವಳನ್ನು. ಮುಂದಿನ ಸೋಮವಾರದಿಂದ ಅವಳ ಜಾಗ ಖಾಲಿ. ನನ್ನ ಕೈಯಲ್ಲಿ ಮಾಡಿಸಿದ್ದನ್ನೇ ನಾನು ಇನ್ನೊಂದು ಮಗುವಿನ ಕೈಯಲ್ಲಿ ಮಾಡಿಸಿದೆ. ಎಷ್ಟು ಓದಿ ಏನು ಬಂತು?

ಪೆಚ್ಚು ಮುಖದ
ಮಗಳು

---

ಜುಲೈ ೨೦

ಪುಟ್ಟಿ,

ಅಳುವುದನ್ನು ನಿಲ್ಲಿಸಿ ಇದನ್ನು ಓದು.

ನಮ್ಮಲ್ಲಿ ಹೊಸದಾಗಿ ಸೇರಿದವರು ಮೊದಲ ವಾರ ತಪ್ಪದೆ ಒಂದು ತಪ್ಪು ಮಾಡುತ್ತಾರೆ. ರಕ್ತದ ಕಲೆ ಕಂಡರೆ ಬೇಗ ಹೋಗಲಿ ಎಂದು ಕುದಿಯುವ ನೀರಿಗೆ ಹಾಕಿಬಿಡುತ್ತಾರೆ. ಅಲ್ಲಿಗೆ ಮುಗಿಯಿತು, ಆ ಕಲೆ ಬಟ್ಟೆ ಹರಿದರೂ ಹೋಗದು. ರಕ್ತಕ್ಕೆ ತಣ್ಣೀರೇ ಆಗಬೇಕು. ನೆನೆಹಾಕಿ, ಕಾದು, ನೀರು ಚೆಲ್ಲಿ, ಮತ್ತೆ ತಣ್ಣೀರು. ನಿನ್ನ ಸಾರಿ ಬಿಸಿನೀರಾಯಿತು ಅಷ್ಟೇ. ಮೂರು ದಿನದ ಮೇಲೆ ಹುಡುಗಿ ವಾಪಸು ಬಂದಳು ತಾನೇ? ಹಾಗಾದರೆ ಕಲೆ ಇನ್ನೂ ಹಸಿಯಿದೆ.

ಇನ್ನೊಂದು ಮಾತು. ನೀನು ಮಕ್ಕಳನ್ನು ಕುರ್ಚಿಯಲ್ಲಿ ಕೂರಿಸಿ ಮಾತಾಡು ಎನ್ನುತ್ತೀಯ. ಕೈ ಖಾಲಿ ಇದ್ದರೆ ಬಾಯಿಗೆ ಭಯ. ನನ್ನ ಜೋಡಿಯನ್ನು ಕುರ್ಚಿ ಹಾಕಿ ಕೂರಿಸಿದ್ದರೆ ಅವಳೂ ಸುಮ್ನೆ ಎನ್ನುತ್ತಿದ್ದಳು. ಉಗ್ರಾಣದವನನ್ನು ಕೇಳಿ ನಾಲ್ಕು ಹಳೇ ಶೀಟು ಪಾರ್ಸೆಲ್ ಮಾಡಿದ್ದೇನೆ, ಅಲ್ಲಲ್ಲಿ ಹರಿದಿವೆ, ಶುಭ್ರವಾಗಿವೆ. ಮಡಿಸುವುದು ಗೊತ್ತಲ್ಲ? ಇಬ್ಬರು ಎರಡೆರಡು ಮೂಲೆ ಹಿಡಿದು ದೂರ ನಿಲ್ಲಬೇಕು, ಬಟ್ಟೆಯನ್ನು ಜೋರಾಗಿ ಒಮ್ಮೆ ಕೊಡವಬೇಕು, ಆಮೇಲೆ ಹತ್ತಿರ ಬಂದು ಮೂಲೆಗೆ ಮೂಲೆ ಕೊಡಬೇಕು. ಪ್ರತಿ ಮಡಿಕೆಗೂ ಅಂತರ ಅರ್ಧವಾಗುತ್ತದೆ.

ಒಂದೇ ನಿಯಮ. ಒಬ್ಬಳ ಕೈಯಿಂದ ಮೂಲೆ ಜಾರಿತು ಎಂದುಕೋ, ಇನ್ನೊಬ್ಬಳು ಎಳೆಯಬಾರದು. ಎಳೆದರೆ ಇಡೀ ಬಟ್ಟೆ ನೆಲಕ್ಕೆ ಬಿದ್ದು ಮತ್ತೆ ಒಗೆಯಲು ಹೋಗಬೇಕು. ತನ್ನ ತುದಿ ಬಿಡದೆ ಅವಳ ಹತ್ತಿರ ನಡೆಯಬೇಕು.

ಇದನ್ನೆಲ್ಲ ನಿನಗೆ ನಾನು ಹೇಳುತ್ತಿದ್ದೇನೆ ನೋಡು, ನಡೆಯದವಳು.

ಅಮ್ಮ

---

ಆಗಸ್ಟ್ ೧೬

ಅಮ್ಮ, ಅಮ್ಮ,

ಹೇಗೆ ಬರೆಯಲಿ? ಎರಡು ದಿನದಿಂದ ಪೆನ್ನು ಹಿಡಿದು ಕೂತಿದ್ದೇನೆ. ನಾನು ಕಣ್ಣಾರೆ ನೋಡಿದ್ದನ್ನು ನಾನೇ ನಂಬಲಾರದೆ ಹೋಗಿದ್ದೇನೆ. ಇದನ್ನು ನಿನಗೆ ಬರೆಯಬಹುದೇ ಎಂದು ಇಬ್ಬರನ್ನೂ ಕೇಳಿದೆ. ಗತ್ತಿನವಳು "ಶೀಟು ಕಳಿಸಿದ ಅಜ್ಜಿಗಾ? ಬರೀರಿ" ಎಂದಳು. ನೀನು ಅಜ್ಜಿಯಾಗಿದ್ದೀಯ, ಸಹಿಸಿಕೋ.

ಮೊದಲು ಚೀಲದ ಹುಡುಗಿಯ ಜೊತೆ ನಾನೇ ಮಡಿಸಿದೆ. ಎರಡು ಮೂಲೆ ಹಿಡಿಯಲು ಎರಡು ಕೈ ಬೇಕಲ್ಲ, ಚೀಲ ಕೆಳಗಿಡಲೇಬೇಕಾಯಿತು. ಇದು ನಿನಗೆ ಹೊಳೆದಿತ್ತೋ ಇಲ್ಲವೋ, ನನಗಂತೂ ಹೊಳೆದಿರಲಿಲ್ಲ. ಚೀಲವಿಲ್ಲದ ಅವಳನ್ನು ನಾನು ನೋಡಿದ್ದೇ ಅವತ್ತು. ಉಳಿದ ಮಕ್ಕಳನ್ನು ಗುಂಪು ಗುಂಪಾಗಿ ಬೇರೆ ದಿನ ಕರೆದೆ. ಮೊದಲು ಶೀಟು ಹೊದ್ದು ದೆವ್ವದ ಆಟ ಆಡಿದರು. ಆಮೇಲೆ ಮಡಿಸುತ್ತ ಮಡಿಸುತ್ತ ಒಬ್ಬೊಬ್ಬರೇ ಬಾಯಿಬಿಟ್ಟರು. ಒಬ್ಬ ಹೇಳಿದ, "ಗುಂಯ್ ಅನ್ದೇ ಇದ್ರೆ ನಾಳೆ ನನ್ ಮೇಲೆ ಗುಂಯ್ ಅಂತಾರೆ ಮಿಸ್." ಹದಿನಾರು ಮಕ್ಕಳಲ್ಲಿ ಹದಿಮೂರು ಜನ ಇದನ್ನೇ ಬೇರೆ ಬೇರೆ ಮಾತಿನಲ್ಲಿ ಹೇಳಿದರು. ಅಷ್ಟೂ ಮಂದಿ ಹೆದರಿಕೊಂಡೇ ಹೆದರಿಸುತ್ತಿದ್ದರು.

ನಿನ್ನ ಯಂತ್ರಗಳ ಕಥೆ, ತುಟಿ ಓದುವ ಕಥೆ ಎಲ್ಲ ಚೀಲದ ಹುಡುಗಿಗೆ ಹೇಳಿದ್ದೆ. ಅವಳು ಚೀಟಿ ಬರೆದಳು: "ಆ ಸದ್ದಲ್ಲಿ ಮಾತಾಡಿದ್ರೆ ಬೇರೆ ಯಾರಿಗೂ ಗೊತ್ತಾಗಲ್ವಾ?" ಇಲ್ಲ, ಎದುರಿಗಿರುವವರಿಗೆ ಮಾತ್ರ ಎಂದೆ. ನಾಲ್ಕು ದಿನ ಬಿಟ್ಟು ಇನ್ನೊಂದು ಚೀಟಿ ಬಂತು: "ಅವರೆಲ್ಲ ಗುಂಯ್ ಅನ್ನಲಿ. ನಾನು ಹೇಳ್ತೀನಿ. ಆ ತುದೀಲಿ ಅವಳಿರ್ಲಿ."

ನನಗೆ ಈ ವಿದ್ಯೆ ಕಲಿಸಿದ ಮೇಷ್ಟ್ರಿಗೆ ಫೋನ್ ಮಾಡಿದೆ. "ಯೋಚನೆ ನಿಂದಾಗಿದ್ರೆ ಬೇಡ ಅಂತಿದ್ದೆ. ಅವಳದೇ ಅಲ್ವಾ? ನೀನು ಬಾಗಿಲ ಹತ್ರ ನಿಂತ್ಕೋ, ಅವಳು ಬೇಕಾದಾಗ ಎದ್ದು ಹೋಗೋ ಹಾಗಿರ್ಲಿ" ಎಂದರು. ಗತ್ತಿನವಳನ್ನೂ ಕೇಳಿದೆ. ಮೊದಲ ಸಲ ಅವಳು ಸುಮ್ನೆ ಎನ್ನಲಿಲ್ಲ. "ನನ್ನನ್ನ ಬೈತಾಳಾ?" ಎಂದಳು. ಗೊತ್ತಿಲ್ಲ ಎಂದೆ. ಸೈಕಲ್ ಸ್ಟ್ಯಾಂಡಿನ ಕಡೆ ತಿರುಗಿ "ಬೈಲಿ" ಎಂದಳು.

ಬುಧವಾರ ಮಧ್ಯಾಹ್ನ ಸಭಾಂಗಣದಲ್ಲಿ ಸೇರಿದೆವು. ಗೋಡೆಗೆ ಒರಗಿ ಹದಿನೈದು ಮಕ್ಕಳು, ನಡುವೆ ಶೀಟು, ಈ ತುದಿಗೆ ಚೀಲದ ಹುಡುಗಿ, ಆ ತುದಿಗೆ ಗತ್ತಿನವಳು. ಚೀಲದ ಹುಡುಗಿಯೇ ತಲೆಯಾಡಿಸಿ ಸೂಚನೆ ಕೊಟ್ಟಳು. ಹದಿನೈದು ಗಂಟಲು ಗುಂಯ್ ಎಂದವು. ಅದೇ ಸದ್ದು ಅಮ್ಮ, ಅವಳ ಬಾಯಿ ಮುಚ್ಚಿಸಿದ ಅದೇ ಸದ್ದು. ಈಗ ಅವಳು ಅದನ್ನು ಕೊಡೆಯ ಹಾಗೆ ತಲೆಯ ಮೇಲೆ ಹಿಡಿದುಕೊಂಡು ಅದರ ಕೆಳಗೆ ತುಟಿ ಅಲ್ಲಾಡಿಸಿದಳು.

ಗತ್ತಿನವಳು ತಾನು ಓದಿದ್ದನ್ನು ಗಟ್ಟಿಯಾಗಿ ಹೇಳಬೇಕಿತ್ತು. ಹೇಳಿದಳು, ಏನೇನೋ ಆಯಿತು. ಎಲ್ಲರೂ ನಕ್ಕರು. ಚೀಲದ ಹುಡುಗಿಯೂ ನಕ್ಕಳು. ಒಂದು ಮಡಿಕೆ ಹಾಕಿ ಹತ್ತಿರ ಬಂದರು. ಮತ್ತೆ ತಪ್ಪಾಯಿತು. "ನಿಧಾನಕ್ಕೆ ಹೇಳು, ಪ್ಲೀಸ್" ಎಂದಳು ಗತ್ತಿನವಳು. ಯಾರಿಗೂ ಪ್ಲೀಸ್ ಎಂದವಳಲ್ಲ ಅವಳು. ಇನ್ನೊಂದು ಮಡಿಕೆ. ಈಗ ಇಬ್ಬರ ನಡುವೆ ಒಂದು ಮೊಳ ಇರಬೇಕು. ಗತ್ತಿನವಳು ಕಣ್ಣು ಪಿಳುಕಿಸದೆ ಆ ತುಟಿಗಳನ್ನೇ ನೋಡಿದಳು. ಇಷ್ಟು ತಿಂಗಳು ಯಾರ ಬಾಯಿ ಮುಚ್ಚಿಸಲು ಹೊರಟಿದ್ದಳೋ ಅವಳ ತುಟಿಗಳನ್ನು. ನೋಡಿ, ಒಂದೊಂದೇ ಪದ ಹೆಕ್ಕಿದಳು.

"ಈ ಶಾಲೇಲಿ... ಮೊದಲು... ನನ್ನ ಹೆಸರು ಕೇಳಿದ್ದು... ನೀನೇ."

ಗುಂಯ್ ನಿಂತಿತು. ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ, ಒಂದೊಂದೇ ಗಂಟಲು ತಾನಾಗಿ ನಿಂತಿತು. ಆ ನಿಶ್ಶಬ್ದದಲ್ಲಿ ಚೀಲದ ಹುಡುಗಿ ಬಾಯಿ ಬಿಟ್ಟು, ಎಲ್ಲರಿಗೂ ಕೇಳಿಸುವ ಹಾಗೆ, "ಹೂಂ. ಅದೇ" ಎಂದಳು.

ಆ ದನಿ ಸ್ವಲ್ಪ ಒರಟು, ಬಹಳ ದಿನ ತೆಗೆಯದ ಕಿಟಕಿಯ ಹಾಗೆ. ಎರಡು ಪದಕ್ಕೆ ಹದಿನೈದು ಮಕ್ಕಳು ಉಸಿರು ಬಿಗಿಹಿಡಿದು ನಿಂತದ್ದನ್ನು ನೀನು ನೋಡಬೇಕಿತ್ತು. ಗತ್ತಿನವಳ ಮುಷ್ಟಿಯಿಂದ ಶೀಟಿನ ಮೂಲೆ ಬಿಡಿಸಲು ನಾನು ಅವಳ ಬೆರಳು ಒಂದೊಂದಾಗಿ ತೆಗೆಯಬೇಕಾಯಿತು.

ಎರಡು ದಿನದ ಮೇಲೆ ಅವಳೇ ಬಂದು ಕುಂಟು ಕುರ್ಚಿಯಲ್ಲಿ ಕೂತಳು. ಚೀಲದ ಹುಡುಗಿ ಹೊಸದಾಗಿ ಬಂದಾಗ ತುಂಬ ಚೆನ್ನಾಗಿ ಓದುತ್ತಿದ್ದಳಂತೆ. ಮೇಷ್ಟ್ರು ಗತ್ತಿನವಳಿಗೆ "ನೋಡಿ ಕಲಿ" ಎಂದರಂತೆ. "ಮನೇಲಿ ಅಕ್ಕನ್ನ ನೋಡಿ ಕಲಿ ಅಂತಾರೆ ಮಿಸ್. ಇಲ್ಲಿ ಅವಳನ್ನ ನೋಡಿ ಕಲಿ. ನನ್ನನ್ನ ನೋಡಿ ಯಾರೂ ಏನೂ ಕಲಿಯೋದಿಲ್ವಾ?" ಎಂದಳು. ಅಷ್ಟೇ ಅಮ್ಮ. ನೋಡಿ ಕಲಿ ಎಂಬ ಎರಡು ಪದದಿಂದ ಶುರುವಾದದ್ದು.

ಬೀಗದ ಅಪ್ಪನಿಗೆ ವಿಷಯ ತಿಳಿಸಿದೆ. ಕಣ್ಣೊರೆಸಿಕೊಂಡರು. ಆಮೇಲೆ, "ಒಂದು ಹೂಂ ನಂಬ್ಕೊಂಡು ಮಗಳನ್ನ ಬಿಡೋಕಾಗುತ್ತಾ? ಮೂವತ್ತನೇ ತಾರೀಕು ಮೂವತ್ತನೇ ತಾರೀಕೇ" ಎಂದರು. ಅವರ ತಪ್ಪಲ್ಲ.

ಬೆರಗಿನಲ್ಲಿ ಮುಳುಗಿರುವ
ನಿನ್ನ ಮಗಳು

---

ಆಗಸ್ಟ್ ೨೫

ಪುಟ್ಟಿ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೂವತ್ತು ವರ್ಷ ನಾನು ಸೋಡಾ, ಸೋಪು, ಹಬೆ ಏನೇನು ತೆಗೆಯಬಲ್ಲವು ಎಂದು ನೋಡಿದ್ದೇನೆ. ತುಟಿಯಿಂದ ಬಂದ ಒಂದು ಸಾಲು ಇಷ್ಟು ಮಾಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮಾತಿಗೆ ಇಷ್ಟು ಬಲ ಇದೆಯೇ? ಇದ್ದರೆ ನಾನು ಎಷ್ಟು ವರ್ಷ ಹಾಳು ಮಾಡಿದೆ!

ವಿರಾಮದಲ್ಲಿ ನಲ್ಲಿಯ ಹತ್ತಿರ ಕೂತು ಜೋಡಿಗೆ ಓದಿ ಹೇಳಿದೆ, ಅವಳಿಗೆ ಕನ್ನಡಕ ಸಾಲದು. ಹೆಸರು ಕೇಳಿದ ಸಾಲು ಬಂದಾಗ "ಇನ್ನೊಂದ್ಸಲ ಓದು" ಎಂದಳು. ಓದಿದೆ. ಮಡಿಸಿಟ್ಟ ಶುಭ್ರ ಶೀಟಿಗೆ ಮುಖ ಒತ್ತಿ ಅತ್ತಳು. ಇನ್ನು ಮುಚ್ಚಿಡಲಾರೆ.

ಮಗಳೇ, ನನ್ನ ಜೋಡಿ ಆ ಹುಡುಗಿಯ ತಾಯಿ. ನಿನ್ನಿಂದ ಶಾಲೆ ಬಿಟ್ಟವಳ ತಾಯಿ.

ಇಪ್ಪತ್ತು ವರ್ಷದ ಹಿಂದೆ ಹೆಡ್‌ಮಾಸ್ತರರ ಕೋಣೆಯ ಹೊರಗೆ ಒಂದೇ ಬೆಂಚಿನ ಎರಡು ತುದಿಗೆ ನಾವಿಬ್ಬರು ಕೂತಿದ್ದೆವು. ಒಬ್ಬರನ್ನೊಬ್ಬರು ನೋಡಲಿಲ್ಲ, ಮಾತಾಡಲಿಲ್ಲ. ಆರು ವರ್ಷದ ಮೇಲೆ ಅವಳು ಕೆಲಸಕ್ಕೆ ಬಂದಾಗ ನನಗೆ ಕೂಡಲೇ ಗುರುತು ಸಿಕ್ಕಿತು. ಅವಳಿಗೆ ಸಿಕ್ಕಿಲ್ಲ ಎಂದುಕೊಂಡೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತ ಹದಿನಾಲ್ಕು ವರ್ಷವಾಯಿತು. ಅವಳು ಮಗಳ ಬಗ್ಗೆ ಮಾತಾಡಿದಾಗಲೆಲ್ಲ ನಾನು ಮೇಸ್ತ್ರಿಯ ಹೊಟ್ಟೆಗೆ ಮಾತು ತಿರುಗಿಸಿದ್ದೇನೆ.

ಅವತ್ತು ಶಾಲೆಯಿಂದ ಮನೆಗೆ ನಡೆದು ಬರುವಾಗ ನಾನು ನಿನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಅದನ್ನೇ ದೊಡ್ಡಸ್ತಿಕೆ ಎಂದುಕೊಂಡಿದ್ದೆ. ಕೇಳಲೂ ಇಲ್ಲ. ಈಗ ಕೇಳುತ್ತೇನೆ. ಯಾಕೆ ಹಾಗೆ ಮಾಡಿದೆ?

ಸುಮ್ನೆ ಎಂದು ಬರೆಯಬೇಡ.

ಅಮ್ಮ

---

ಸೆಪ್ಟೆಂಬರ್ ೭

ಅಮ್ಮ,

ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು. ಹರಿದು ಹಾಕಿದ ಕಾಗದಗಳ ಲೆಕ್ಕ ಕೇಳಬೇಡ.

ಆಗ ಮನೆಯಲ್ಲಿ ನೀನೂ ನಾನೂ ಇಬ್ಬರೇ ಆಗಿ ಒಂದು ವರ್ಷವಾಗಿತ್ತು. ನೀನು ಬೆಳಗಿನ ಪಾಳಿ ಮುಗಿಸಿ ಬಂದು ಶಾಲೆಯ ಗೇಟಿನಲ್ಲಿ ನನ್ನ ಕೈಹಿಡಿದುಕೊಳ್ಳುತ್ತಿದ್ದೆ. ಒಂದು ದಿನ ನಿನ್ನ ಜೋಡಿಯ ಮಗಳ ಕೈಯನ್ನೂ ಹಿಡಿದು ರಸ್ತೆ ದಾಟಿಸಿದೆ. ಮರುದಿನ ಅವಳು ಎಲ್ಲರ ಮುಂದೆ, "ನಿನ್ನಮ್ಮನ ಕೈ ಆಸ್ಪತ್ರೆ ವಾಸನೆ ಬರುತ್ತೆ" ಎಂದಳು. ಕೆಟ್ಟದಾಗಿ ಹೇಳಲಿಲ್ಲ. ಈಗ ಯೋಚಿಸಿದರೆ ಅವಳಿಗೆ ಆ ವಾಸನೆ ಇಷ್ಟವಾಗಿತ್ತೋ ಏನೋ. ಆದರೆ ನಾಲ್ಕು ಜನ ಮೂಗು ಮುಚ್ಚಿಕೊಂಡರು. ಆ ಮೂಗುಗಳು ನನ್ನ ಕಡೆ ತಿರುಗುವ ಮೊದಲು ಅವಳ ಕಡೆ ತಿರುಗಿಸಿಬಿಟ್ಟೆ. ಅವಳು ಬಂದರೆ ಸಾಕು, ಇಡೀ ತರಗತಿ ಮೂಗು ಮುಚ್ಚುವ ಹಾಗೆ ಮಾಡಿದೆ. ಒಂದು ವರ್ಷ ಮಾಡಿದೆ.

ನನಗೆ ನಾಚಿಕೆಯಾದದ್ದು ನಿನ್ನ ಬಗ್ಗೆ. ಶಿಕ್ಷೆ ಕೊಟ್ಟದ್ದು ಅವಳಿಗೆ. ಇದನ್ನು ನಿನಗೆ ಹೇಳುವುದಕ್ಕಿಂತ ಸಾಯುವುದು ಮೇಲು ಎಂದು ಹದಿನಾಲ್ಕನೇ ವಯಸ್ಸಿನಲ್ಲಿ ಅನ್ನಿಸಿತ್ತು. ಮೂವತ್ತನಾಲ್ಕರಲ್ಲಿ ಬರೆಯುತ್ತಿದ್ದೇನೆ, ಸತ್ತಿಲ್ಲ.

ನೀನು ಕಳಿಸಿದ ಶೀಟುಗಳು ಬಂದಾಗ ಪಾರ್ಸೆಲ್ ಬಿಚ್ಚಿ ಮೊದಲು ಮೂಗಿಗೆ ಹಿಡಿದೆ. ಅದೇ ವಾಸನೆ. ಕೋಣೆಯ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಹಾಗೇ ಕೂತಿದ್ದೆ.

ಇಲ್ಲಿ ಚೀಲದ ಹುಡುಗಿ ಕೋಣೆಯೊಳಗೆ ಮಾತಾಡುತ್ತಾಳೆ, ತರಗತಿಯಲ್ಲಿ ಇನ್ನೂ ಇಲ್ಲ. ಅವಳ ಅಪ್ಪ ವರ್ಗಾವಣೆ ಪತ್ರಕ್ಕೆ ಅರ್ಜಿ ಕೊಟ್ಟು ಹೋಗಿದ್ದಾರೆ.

ನಿನ್ನ ಕೈಗಳಿಗೆ ಶರಣು.
ಮಗಳು

---

ಸೆಪ್ಟೆಂಬರ್ ೧೯

ನನ್ನ ಕಂದ,

ಕಾಗದ ಬಂತು. ಕೈ ಮೂಸಿ ನೋಡಿಕೊಂಡೆ. ಹೌದು, ವಾಸನೆ ಬರುತ್ತದೆ. ಬೆಳೆದ ಮಗಳ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಷ್ಟು ಸಣ್ಣ ಹುಡುಗಿ ಅಷ್ಟು ದೊಡ್ಡದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಪಕ್ಕದಲ್ಲೇ ಉಂಡು ಮಲಗಿದ್ದಳಲ್ಲ ಎಂದು ದುಃಖ ಬಂತು.

ಹೇಳಿಬಿಟ್ಟೆ.

ಮಂಗಳವಾರ, ಹನ್ನೆರಡೂ ಯಂತ್ರ ತಿರುಗುತ್ತಿದ್ದವು. ಮಕ್ಕಳ ವಾರ್ಡಿನ ಶೀಟು, ನಾನು ಈ ತುದಿ, ಅವಳು ಆ ತುದಿ. ಕೊಡವಿದೆವು. ಆ ಕ್ಷಣವೇ ತುಟಿ ಅಲ್ಲಾಡಿಸಿದೆ, "ನಿನ್ನ ಮಗಳನ್ನ ಶಾಲೆ ಬಿಡಿಸಿದವಳು ನನ್ನ ಮಗಳು." ಅವಳ ತುಟಿ ಅಲ್ಲಾಡಿತು, "ಗೊತ್ತು." ಯಾವಾಗಿಂದ ಎಂದೆ. "ಮೊದಲ್ನೇ ದಿನದಿಂದ. ಆ ಬೆಂಚಲ್ಲಿ ಮುಖ ನೋಡೋಕಾಗ್ದೆ ನಿನ್ನ ಕೈಯನ್ನೇ ನೋಡ್ತಾ ಕೂತಿದ್ದೆ. ಅದೇ ಕೈ ಇಲ್ಲಿ ಶೀಟು ಮಡಿಸ್ತಿತ್ತು." ಮತ್ತೆ ಯಾಕೆ ನನ್ನ ಎದುರಿಗೇ ನಿಂತೆ ಎಂದೆ. "ನೀನಾಗೇ ಹೇಳ್ಲಿ ಅಂತ. ಒಂದು ತಿಂಗಳು ಕಾಯೋಣ ಅಂದ್ಕೊಂಡೆ. ಆಮೇಲೆ ಇನ್ನೊಂದು ತಿಂಗಳು."

ಹದಿನಾಲ್ಕು ವರ್ಷ, ಪುಟ್ಟಿ! ಅವಳು ಕಾಯುತ್ತಲೇ ನನ್ನ ಜ್ವರಕ್ಕೆ ಮಾತ್ರೆ ತಂದಳು, ನನ್ನ ಪಾಳಿ ಮಾಡಿದಳು, ನೀನು ಪಾಸಾದಾಗ ನನ್ನ ಜೊತೆ ಕುಣಿದಳು. ಇಂಥ ಮನುಷ್ಯರೂ ಇರುತ್ತಾರೆ ಎಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಅಷ್ಟು ಹೇಳಿ ಅವಳು ಎರಡೂ ಮೂಲೆ ಕೈಬಿಟ್ಟಳು. ಇಷ್ಟು ವರ್ಷದಲ್ಲಿ ಒಮ್ಮೆಯೂ ಬಿಟ್ಟವಳಲ್ಲ. ಶೀಟು ಜೋತುಬಿದ್ದಿತು. ನಾನು ಎಳೆಯಲಿಲ್ಲ. ನನ್ನ ತುದಿ ಹಿಡಿದುಕೊಂಡೇ ಅವಳ ಹತ್ತಿರ ನಡೆದೆ.

ಆಮೇಲೆ ಇಬ್ಬರೂ ಅತ್ತೆವು, ಅದನ್ನೆಲ್ಲ ಬರೆಯುವುದಿಲ್ಲ. ಮೇಸ್ತ್ರಿ ಬಂದು ಯಾರು ಸತ್ತರು ಎಂದು ಕೇಳಿದ.

ಅವಳ ಮಗಳು ಇಪ್ಪತ್ತೆರಡನೇ ವಯಸ್ಸಿಗೆ ತಾನಾಗಿ ಓದಿ ಹತ್ತನೇ ತರಗತಿ ಪಾಸು ಮಾಡಿಕೊಂಡಳಂತೆ. ಈಗ ಬಸ್ ಡಿಪೋದಲ್ಲಿ ವೇಳಾಪಟ್ಟಿ ತಯಾರಿಸುತ್ತಾಳೆ, ಅವಳ ಲೆಕ್ಕದಂತೆ ಇಡೀ ಊರು ಓಡಾಡುತ್ತದೆ. ಆದರೆ ಇವತ್ತಿಗೂ ಗುಂಪಿನಲ್ಲಿ ಕೂರುವ ಮೊದಲು ತನ್ನ ಬಟ್ಟೆ ಮೂಸಿ ನೋಡಿಕೊಳ್ಳುತ್ತಾಳಂತೆ. ಇದನ್ನು ನೀನು ತಿಳಿದಿರಬೇಕು, ಅದಕ್ಕೇ ಬರೆದೆ. ಜೋಡಿ ಅವಳಿಗೆ ಎಲ್ಲ ಹೇಳಿದಳು, ನಿನ್ನ ಕೆಲಸ, ಶೀಟು, ಗುಂಯ್ ಎಲ್ಲ. ಅವಳು ನಿನ್ನನ್ನು ನೋಡುವುದಿಲ್ಲವಂತೆ. ಕಾಗದವೂ ಬೇಡವಂತೆ. "ಸಾರಿ ಒಂದ್ಸಲ ಮೈಕಲ್ಲಿ ಕೇಳಿಸ್ಕೊಂಡಿದ್ದೀನಿ, ಸಾಕು" ಎಂದಳಂತೆ.

ಎದ್ದು ಹೋದವಳು ಬಾಗಿಲಿಂದ ತಿರುಗಿ ಬಂದು ಒಂದೇ ಒಂದು ಮಾತು ಕೇಳಿದಳಂತೆ. ಅವಳು ಕೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಆ ಚೀಲದ ಹುಡುಗಿ ಶಾಲೇಲಿ ಉಳೀತಾಳಾ?"

ಉತ್ತರಕ್ಕೆ ನಾವು ಮೂವರು ಕಾಯುತ್ತಿದ್ದೇವೆ.

ಅಮ್ಮ

---

ಸೆಪ್ಟೆಂಬರ್ ೩೦

ಅಮ್ಮ,

ಬೆಳಿಗ್ಗೆ ದೊಡ್ಡ ಮೇಡಂಗೆ ನನ್ನ ಹಳೇ ಕಥೆ ಹೇಳಿಬಿಟ್ಟೆ. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, "ಸಂದರ್ಶನದಲ್ಲಿ ನಾನು ಪ್ರಶ್ನೆ ಅರ್ಧ ಕೇಳಿದ್ದೆ ಅನ್ನಿ" ಎಂದರು. ನನ್ನ ಕೆಲಸಕ್ಕೆ ಕುತ್ತಿಲ್ಲ.

ಮಧ್ಯಾಹ್ನ ಒಂದಕ್ಕೆ ಬೀಗದ ಅಪ್ಪ ಬಂದರು. ಆಫೀಸಿನ ಮೇಜಿನ ಮೇಲೆ ವರ್ಗಾವಣೆ ಪತ್ರ ಸಿದ್ಧವಿತ್ತು, ಅವರ ಸಹಿಯೊಂದೇ ಬಾಕಿ. ಚೀಲದ ಹುಡುಗಿಯನ್ನು ಕರೆಸಿದರು. ಅವಳು ಬಂದು ನಿಂತಾಗ ಏನೋ ಬೇರೆಯಾಗಿ ಕಂಡಿತು, ಏನೆಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಎದೆಯ ಮೇಲೆ ಚೀಲವಿರಲಿಲ್ಲ. ಕಿಟಕಿಯಾಚೆ ಸೈಕಲ್ ಸ್ಟ್ಯಾಂಡಿನಲ್ಲಿ ಗತ್ತಿನವಳು ಎರಡು ಚೀಲ ಹೊತ್ತು ಒಂಟಿಕಾಲಲ್ಲಿ ಕಾಯುತ್ತಿದ್ದಳು.

ಅಪ್ಪ ಪೆನ್ನಿನ ಮುಚ್ಚಳ ತೆಗೆದರು. ಆಗ ಅವಳು, ಚೀಟಿಯಲ್ಲಲ್ಲ, ತುಟಿಯಲ್ಲಲ್ಲ, ಗುಮಾಸ್ತರೂ ತಲೆಯೆತ್ತುವಷ್ಟು ಗಟ್ಟಿಯಾಗಿ ಹೇಳಿದಳು: "ಅಪ್ಪ, ಇವತ್ತು ಮೂರನೇ ಪೀರಿಯಡ್ ನಾನು ಪಾಠ ಓದಿದೆ. ಎರಡು ಪುಟ. ಯಾರೂ ಗುಂಯ್ ಅನ್ಲಿಲ್ಲ. ಉಳಿದ ಪಾಠ ನಾಳೆ ಓದ್ಬೇಕು, ಸರದಿ ನಂದೇ."

ಊರಿನ ಬೀಗವನ್ನೆಲ್ಲ ತೆಗೆಯುವ ಆ ಮನುಷ್ಯ ಪೆನ್ನು ಹಿಡಿದ ಕೈ ಹಾಗೇ ಇಟ್ಟು ಮಗಳ ಬಾಯಿಯನ್ನೇ ನೋಡುತ್ತಿದ್ದರು, ಮುಗಿದ ಮೇಲೂ. ಆಮೇಲೆ ಮುಚ್ಚಳ ಹಾಕಿದರು. "ನಾಳೆ ಎಷ್ಟು ಗಂಟೆಗೆ ಓದೋದು? ಕಿಟಕಿ ಹತ್ರ ನಿಂತು ಕೇಳ್ಬಹುದಾ?" ಎಂದು ನನ್ನನ್ನು ಕೇಳಿದರು. ದೊಡ್ಡ ಮೇಡಂ ತಾವೇ ಸಮಯ ಹೇಳಿ, ಬನ್ನಿ ಎಂದರು.

ಪಾಠದಲ್ಲಿ ಏನಿತ್ತು ಎಂದು ನನಗೆ ಗೊತ್ತಿಲ್ಲ. ನಾನು ಆ ಹೊತ್ತು ತರಗತಿಯ ಹೊರಗೆ, ಕಾರಿಡಾರಿನಲ್ಲಿ ನಿಂತಿದ್ದೆ. ಒಳಗೆ ಫ್ಯಾನು ತಿರುಗುವ ಸದ್ದು, ಅದರ ಮೇಲೆ ಒಂದೇ ಒಂದು ದನಿ.

ನಿನ್ನ ಜೋಡಿಗೆ ನನ್ನ ನಮಸ್ಕಾರ ಹೇಳು, ತೆಗೆದುಕೊಂಡರೆ. ಡಿಪೋದವಳಿಗೆ ಮಾತ್ರ ನಾನು ಹೇಳಿದೆ ಎನ್ನುವುದು ಬೇಡ. ನನ್ನ ಹೆಸರೇ ಬೇಡ.

ಉಳಿದಳು ಎಂದಷ್ಟೇ ಹೇಳಲಿ.

ಮಗಳು